ನಡು ಮೆಟ್ಟಿಲಿನ ತಟ್ಟೆ

ನವೆಂಬರ್ 9

ಲಸಿಕೆ ಸಿಕ್ಕಿತಂತೆ. ಅಂಗಡಿಯ ರೇಡಿಯೊದಲ್ಲಿ ಬಂತು. ಕಟಿಂಗ್ ಮಾಸ್ಟರು ಕತ್ತರಿ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಇಸ್ತ್ರಿ ಮಾಡುವವಳು ಕಣ್ಣು ಮುಚ್ಚಿ ಕೈ ಮುಗಿದಳು. ನಾನು ಕೋಟಿಗೆ ಕಾಜಾ ಹಾಕುತ್ತಿದ್ದೆ, ಸೂಜಿ ಬೆರಳಿಗೆ ನಾಟಿತು. ಎಷ್ಟೋ ವರ್ಷದಿಂದ ಗುಂಡಿ ಕಾಜಾ ಹೊಲಿಯುವವಳು, ಸರಿಯಾಗಿ ಆ ಸುದ್ದಿ ಬಂದಾಗಲೇ ಚುಚ್ಚಬೇಕೇ? ಇದು ಯಾವ ಸೂಚನೆಯೋ ಎಂದು ಸಂಜೆಯವರೆಗೂ ಅದನ್ನೇ ಯೋಚಿಸಿದೆ.

ಮನೆಗೆ ಬಂದು ಬಟ್ಟೆ ಬದಲಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದೆ. ಇವರಿಗೆ ಆಗಲೇ ಗೊತ್ತಿತ್ತು. "ಬಸ್ಸು ಡಿಪೊ ಬಿಟ್ಟಿದೆ ಕಣೇ, ಇನ್ನೇನು ಸ್ಟಾಪಿಗೆ ಬಂದೇಬಿಡ್ತು!" ಎಂದು ಮೇಲಿನಿಂದ ಕೂಗಿದರು. ಕಂಡಕ್ಟರ್ ಕೆಲಸ ಬಿಟ್ಟರೂ ಕಂಡಕ್ಟರ್ ಮಾತು ಬಿಡಲಿಲ್ಲ.

ಯಾರಿಗಾದರೂ ಹೇಳಿದರೆ ನಗುತ್ತಾರೆ. ಒಂದೇ ಮನೆ, ಗಂಡ ಮೇಲೆ, ಹೆಂಡತಿ ಕೆಳಗೆ. ಇವರ ಮೈಯಲ್ಲಿರುವುದು ಇವರ ಅಕ್ಕ ಕೊಟ್ಟ ಕಿಡ್ನಿ. ಅದು ಬೇರೆಯವರದೆಂದು ಮೈಗೆ ಗೊತ್ತಾಗದ ಹಾಗೆ ದಿನವೂ ಮಾತ್ರೆ ನುಂಗಬೇಕು. ಆ ಮಾತ್ರೆಯಿಂದ ಮೈಯ ಕಾವಲುಗಾರ ಸದಾ ತೂಕಡಿಸುತ್ತಿರುತ್ತಾನೆ, ಈ ರೋಗ ಬಂದರೆ ತಡೆಯುವವರಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ನಾನು ಅಂಗಡಿಗೆ ಹೋಗದಿದ್ದರೆ ನಡೆಯುವುದಿಲ್ಲ. ಅಂಗಡಿಯಿಂದ ಏನು ಹೊತ್ತು ತರುತ್ತೇನೋ ನನಗೇ ಗೊತ್ತಿಲ್ಲ. ಅದಕ್ಕೇ ಈ ಏರ್ಪಾಡು. ತಟ್ಟೆಯನ್ನು ನಡು ಮೆಟ್ಟಿಲಿನ ಮೇಲಿಟ್ಟು ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಇವರು ತಮ್ಮ ಹಳೇ ಸೀಟಿ ಒಂದು ಸಲ ಊದಿದರೆ 'ಇಳಿಯುತ್ತಿದ್ದೇನೆ, ಹೊರಗೆ ಬರಬೇಡ'. ಎರಡು ಸಲ ಊದಿದರೆ 'ಮೇಲೆ ಹೋದೆ, ಇನ್ನು ನೀನು ಬರಬಹುದು'.

ಮೊದಲೆಲ್ಲ ದಿನದ ಮಾತನ್ನು ಇವರ ಪಕ್ಕ ಮಲಗಿ ಇವರ ಕಿವಿಗೆ ಸುರಿಯುತ್ತಿದ್ದೆ. ಎಲ್ಲವನ್ನೂ ಮೆಟ್ಟಿಲ ಬುಡದಿಂದ ಕೂಗಿ ಹೇಳಲು ಆಗುತ್ತದೆಯೇ? ಹಾಗಾಗಿ ಬರೆಯುತ್ತೇನೆ. ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು, ನನ್ನ ಬರಹವನ್ನು ನಾನಲ್ಲದೆ ಯಾರು ಓದಬೇಕು.

ನವೆಂಬರ್ 13

ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಪ್ಯಾಂಟು ಚಿಕ್ಕದು ಮಾಡಿಸಲು ಬಂದ ಬ್ಯಾಂಕಿನವರು, "ಒಂದು ಲಸಿಕೆ ಆಗೋಕೆ ಹತ್ತು ವರ್ಷ ಬೇಕು ರೀ, ಇವರು ಹತ್ತು ತಿಂಗಳಿಗೇ ತಂದಿದ್ದಾರೆ. ನಾವೇನು ಇಲಿಗಳಾ?" ಎಂದರು. ನನಗೂ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು.

ಅವರು ಹೋದ ಮೇಲೆ ಮಾಸ್ಟರು ನನಗೆ ಹೇಳಿದರು, "ನೋಡಮ್ಮಾ, ಒಂದು ಕೋಟು ಹೊಲಿಯೋಕೆ ನಮಗೆ ಎರಡು ದಿನ ಸಾಕು. ಕೊಡೋದು ಮಾತ್ರ ತಿಂಗಳಿಗೆ. ಮಿಕ್ಕ ದಿನ ಎಲ್ಲಿರುತ್ತೆ ಹೇಳು? ಗೂಟಕ್ಕೆ ನೇತಾಡ್ತಿರುತ್ತೆ. ಗುಂಡಿ ಬಂದಿಲ್ಲ, ಗಿರಾಕಿ ಬಂದಿಲ್ಲ, ಕರೆಂಟಿಲ್ಲ. ಎಲ್ಲರೂ ಒಟ್ಟಿಗೆ ಕೂತು ಕೈ ಹಾಕಿದ್ರೆ?"

"ಹಾಗೆ ಕೂತು ಹೊಲಿದ ಮದುವೆ ಕೋಟು ಕಂಕುಳಲ್ಲಿ ಹೊಲಿಗೆ ಬಿಟ್ಟಿದ್ದು ಮರೆತುಹೋಯ್ತಾ?" ಎಂದೆ.

"ಅದು ದಾರದ ತಪ್ಪು."

"ಇದರಲ್ಲಿ ಯಾವ ದಾರ ಹಾಕಿದ್ದಾರೋ ನಿಮಗೇನು ಗೊತ್ತು?"

ಮಾಸ್ಟರು ತಲೆ ಕೆರೆದುಕೊಂಡರು. ನಾನು ಗೆದ್ದೆ. ಅವರೇ ಗೆದ್ದಿದ್ದರೆ ಚೆನ್ನಾಗಿತ್ತು.

ನವೆಂಬರ್ 22

ಭಾನುವಾರ. ಇವರ ಬಟ್ಟೆ ಒಗೆಯಲು ಕೆಳಗೆ ಬಂತು. ಸೋಪಿನ ನೀರಿಗೆ ಹಾಕುವ ಮೊದಲು ಅಂಗಿಯನ್ನು ಮೂಗಿಗೆ ಹಿಡಿದುಕೊಂಡು ನಿಂತೆ. ಮಾತ್ರೆ ತಿನ್ನುವವರ ಬೆವರಿಗೆ ಒಂಥರಾ ಕಬ್ಬಿಣದ ವಾಸನೆ. ಮೊದಲು ಅದು ನನಗೆ ಸೇರುತ್ತಿರಲಿಲ್ಲ.

ಆಮೇಲೆ ಹೆದರಿಕೆಯಾಯಿತು. ನನ್ನ ಮುಖ ತಾಗಿದ ಅಂಗಿಯಲ್ಲವೇ. ಎರಡು ಸಲ ಒಗೆದೆ.

ಮೇಲೆ ನಡೆಯುವ ಸದ್ದು ಕೇಳುತ್ತದೆ. ಕಿಟಕಿಗೆ ಹೋದರು, ಮಂಚಕ್ಕೆ ಬಂದರು, ನೀರು ಕುಡಿದರು. ಸೂರು ನೋಡಿಕೊಂಡು ಇವರ ಹಿಂದೆಯೇ ನಾನೂ ಕೆಳಗೆ ನಡೆಯುತ್ತೇನೆ.

ಡಿಸೆಂಬರ್ 4

ಅತ್ತಿಗೆ ಫೋನ್ ಮಾಡಿದ್ದರು. ಇವರ ಅಕ್ಕ, ಕಿಡ್ನಿ ಕೊಟ್ಟವರು. ಫೋನ್ ಎತ್ತಿದ ಕೂಡಲೇ, "ನನ್ನದು ಹೇಗಿದೆ?" ಎಂದು ಕೇಳುತ್ತಾರೆ. ತಮ್ಮ ಹೇಗಿದ್ದಾನೆ ಎಂದಲ್ಲ. ಕೊಟ್ಟ ಪಾತ್ರೆಯನ್ನು ವಿಚಾರಿಸಿದ ಹಾಗೆ.

"ಆ ಸೂಜಿ ಗೀಜಿ ಹಾಕಿಸ್ಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ. ತೂಕಡಿಸ್ತಿರೋ ಕಾವಲುಗಾರನ್ನ ಸೂಜಿ ಎಬ್ಬಿಸಿಬಿಟ್ರೆ, ಅವನು ಎದ್ದು ನೋಡಿ ಇದ್ಯಾರದು ಕಿಡ್ನಿ ಅಂತ ಕೇಳಿದ್ರೆ? ನನ್ನ ಹತ್ರ ಇನ್ನೊಂದಿಲ್ಲ ಕೊಡೋಕೆ."

ಅವರ ಹೊಟ್ಟೆಯ ಮೇಲಿನ ಹೊಲಿಗೆಯನ್ನು ನಾನು ನೋಡಿದ್ದೇನೆ. ಅಷ್ಟು ಕೊಟ್ಟವರಿಗೆ ಎದುರಾಡುವುದು ಹೇಗೆ. ಅದೂ ಅಲ್ಲದೆ, ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದದ್ದೇ.

ಡಿಸೆಂಬರ್ 19

ಇಸ್ತ್ರಿ ಮಾಡುವವಳ ತಾಯಿ ಹೋದರು. ದೂರದಿಂದ ನೋಡಲೂ ಬಿಡಲಿಲ್ಲವಂತೆ.

ಡಿಸೆಂಬರ್ 20

ಏನೂ ಬರೆಯಲು ಮನಸ್ಸಿಲ್ಲ.

ಜನವರಿ 14

ಇವರ ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಹೋದೆವು. ಇವರು ಒಂದು ಬಾಡಿಗೆ ಕಾರಿನಲ್ಲಿ, ನಾನು ಹಿಂದೆ ಇನ್ನೊಂದರಲ್ಲಿ. ಮದುವೆಯ ಮೆರವಣಿಗೆಯ ಹಾಗೆ. ಕಾಯುವಲ್ಲಿ ನಮ್ಮಿಬ್ಬರ ನಡುವೆ ಖಾಲಿ ಕುರ್ಚಿಗಳು. ಬಿಸಿಲಿನಲ್ಲಿ ಇವರನ್ನು ನೋಡಿ ಎಷ್ಟು ಕಾಲವಾಯಿತು. ಕಿವಿಯ ಮೇಲಿನ ಕೂದಲು ಪೂರ್ತಿ ಬಿಳಿ. ತಾವೇ ಕತ್ತರಿಸಿಕೊಂಡಿದ್ದಾರೆ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಎದ್ದು ಹೋಗಿ ಸರಿ ಮಾಡೋಣ ಎಂದು ಕೈ ತುರಿಸಿತು.

ಡಾಕ್ಟರಮ್ಮನ ಹತ್ತಿರ ಇರುವ ಪ್ರಶ್ನೆಗಳನ್ನೆಲ್ಲ ಸುರಿದೆ.

"ಸೂಜಿ ಹಾಕಿಸಿದ್ರೆ ಕಿಡ್ನಿಗೆ ಏನಾದರೂ ಆಗುತ್ತಾ ಅಮ್ಮಾ?"

"ಆಗುತ್ತೆ ಅಂತ ಅನ್ನಿಸ್ತಿಲ್ಲ. ಆದರೆ ಆಣೆ ಹಾಕಿ ಹೇಳೋಷ್ಟು ನನಗೂ ಗೊತ್ತಿಲ್ಲ. ಮೊದಲು ಪರೀಕ್ಷೆ ಮಾಡಿದ್ರಲ್ಲ, ಅದರಲ್ಲಿ ಇವರಂಥವರನ್ನ ಸೇರಿಸಿರಲಿಲ್ಲ."

"ಲಸಿಕೆ ಇವರ ಮೈಗೆ ಹಿಡಿಯುತ್ತಾ?"

"ಅದೂ ಗೊತ್ತಿಲ್ಲ. ಅರ್ಧ ಹಿಡಿಯಬಹುದು. ಹಿಡಿಯದೇನೂ ಇರಬಹುದು. ರೋಗ ಬಂದ್ರೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತು, ಇದೇ ವಾರ್ಡಲ್ಲಿ ನೋಡಿದ್ದೀನಿ." ಆಮೇಲೆ ಇವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಮುಖ್ಯವಾಗಿ ಹಾಕಿಸ್ಕೋಬೇಕಾದವರು ನೀವು. ಇವರಿಗೆ ರೋಗ ತರೋರು ಅಂತ ಇದ್ರೆ ಅದು ನೀವೇ ತಾನೆ? ನಿಮ್ಮದು ಎರಡೂ ಆದ ಮೇಲೆ ಒಂದೇ ಕೋಣೇಲಿ ಇರೋ ಮಾತಾಡೋಣ."

ನಾನು! ಇಷ್ಟು ದಿನ ಇವರಿಗೆ ಏನಾಗುತ್ತದೋ ಎಂದು ಹೆದರಿದೆನೇ ಹೊರತು, ನನ್ನ ತೋಳು ನನಗೆ ನೆನಪೇ ಆಗಿರಲಿಲ್ಲ.

ಒಂದು ವಿಚಿತ್ರ. ಬ್ಯಾಂಕಿನವರಿಗೆ ಎಲ್ಲ ಗೊತ್ತು, ಅತ್ತಿಗೆಗೆ ಎಲ್ಲ ಗೊತ್ತು, ಹಾಲು ಹಾಕುವವನಿಗೂ ಗೊತ್ತು. ಇಷ್ಟು ಓದಿದ ಡಾಕ್ಟರಮ್ಮ ಮಾತ್ರ ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಾರೆ.

ಜನವರಿ 16

ಜಗಳ. ಮೆಟ್ಟಿಲ ಬುಡದಲ್ಲಿ ನಿಂತು ನಾನೇ ಶುರು ಮಾಡಿದೆ. ಸೂಜಿ ಹಾಕಿಸಿಕೊಂಡು ನನಗೆ ಏನಾದರೂ ಆದರೆ ನಿಮಗೆ ಯಾರು ತಟ್ಟೆ ಇಡುತ್ತಾರೆ? ನಾನು ಬಿದ್ದರೆ? ಮಾತು ನಿಂತರೆ? ಪಕ್ಕದ ಬೀದಿಯಲ್ಲಿ ಯಾರಿಗೋ ಮುಖ ಸೊಟ್ಟಗಾಯಿತಂತೆ.

"ಯಾರಿಗೆ?"

"ಯಾರಿಗೋ!"

"ಆ ಯಾರಿಗೋ ಅನ್ನೋನು ಬಹಳ ಪಾಪದವನು ಕಣೇ. ಊರಲ್ಲಿ ಏನಾದ್ರೂ ಅವನಿಗೇ ಆಗುತ್ತೆ."

ನನಗೆ ನಗು ಬರಲಿಲ್ಲ, ಅಳು ಬಂತು. ಇವರು ಮೆಲ್ಲಗೆ ಹೇಳಿದರು, "ಹೆದರಿಕೆಯಾದ್ರೆ ಬೇಡ ಬಿಡು. ನಿನ್ನ ಯಾರು ಬಲವಂತ ಮಾಡಿದ್ರು? ನಂಗೀಗ ಒಬ್ನೇ ಇದ್ದು ಅಭ್ಯಾಸ ಆಗಿದೆ."

ಒಳ್ಳೆಯ ಮಾತೇ. ನನ್ನ ಸಮಾಧಾನಕ್ಕೆ ಹೇಳಿದ್ದು. ಆದರೆ ತಟ್ಟೆ ತೊಳೆಯುವಾಗಲೂ ಅದೇ, ಕಸ ಗುಡಿಸುವಾಗಲೂ ಅದೇ. ಅಭ್ಯಾಸ ಆಗಿದೆ.

ಜನವರಿ 17

ಅಭ್ಯಾಸ ಆಗಿದೆಯಂತೆ.

ಫೆಬ್ರವರಿ 9

ಇವರದ್ದು ಮೊದಲನೇ ಸೂಜಿ ಆಯಿತು. ರೋಗಿಗಳನ್ನು ಮೊದಲು ಕರೆದರು. ಅತ್ತಿಗೆಗೆ ಹೇಳಿಲ್ಲ. ಇಡೀ ದಿನ ಅಂಗಡಿಗೆ ರಜೆ ಹಾಕಿ ಸೂರಿನ ಕಡೆ ಕಿವಿಯಿಟ್ಟು ಕೂತೆ. ಒಂದು ಸಲ 'ಧಡ್' ಎಂದಿತು, ನನ್ನ ಜೀವ ಬಾಯಿಗೆ ಬಂತು.

"ಏನಾಯ್ತು ರೀ?"

"ಚಪ್ಪಲಿ ಬಿತ್ತು. ಅದಕ್ಕೆ ಸೂಜಿ ಹಾಕಿರಲಿಲ್ಲ."

ಜ್ವರವಿಲ್ಲ, ಏನಿಲ್ಲ. ಊಟ ಪೂರ್ತಿ ಮಾಡಿದರು.

ಮಾರ್ಚ್ 2

ಯಾರಿಗೂ ಹೇಳದೆ ಹೋದೆ. ಇವರಿಗೂ ಹೇಳಲಿಲ್ಲ. ಹೇಳಿದ್ದರೆ ಇವರು ದಿನವೆಲ್ಲ ಮೇಲೆ ಕೂತು ನನ್ನ ಹೆಜ್ಜೆ ಎಣಿಸುತ್ತಿದ್ದರು, ಆ ಪಾಡು ಏನೆಂದು ನನಗೆ ಗೊತ್ತು.

ಸ್ಕೂಲಿನ ದೊಡ್ಡ ಹಾಲ್. ಮಕ್ಕಳ ಬೆಂಚುಗಳ ಮೇಲೆ ನಾವು ದೊಡ್ಡವರು ಮಂಡಿ ಮಡಚಿ ಕೂತಿದ್ದೆವು. ಮುಂದೆ ಒಬ್ಬ ಮುದುಕಪ್ಪ ಅಂಗಿಯ ತೋಳನ್ನು ಆಗಲೇ ಮೇಲಕ್ಕೆ ಮಡಚಿಕೊಂಡು, ಬಸ್ಸಿಗೆ ಕೈ ತೋರಿಸಿದ ಹಾಗೆ ನಿಂತಿದ್ದ. ಹಿಂದೆ ಇದ್ದವನು ಕೆಮ್ಮುತ್ತಿದ್ದ. ಎರಡು ಸಲ ಎದ್ದು ಬಾಗಿಲವರೆಗೆ ಹೋದೆ. ಎರಡನೇ ಸಲ ಬಾಗಿಲಲ್ಲಿದ್ದ ಕಾವಲಿನವಳು, "ಅಕ್ಕಾ, ಹೋಗೋದಾದ್ರೆ ಹೋಗಿ, ಬರೋದಾದ್ರೆ ಬನ್ನಿ, ಗಾಳಿ ಬರ್ತಿದೆ" ಎಂದಳು. ಬಂದೆ.

ನರ್ಸಮ್ಮ ಚಿಕ್ಕ ವಯಸ್ಸಿನವಳು. "ಅಮ್ಮಾ, ತೋಳನ್ನ ಕಲ್ಲು ಮಾಡ್ಕೊಂಡಿದ್ದೀರಿ. ಸಡಿಲ ಬಿಡಿ."

"ಇದನ್ನ ಇಷ್ಟು ಬೇಗ ಹೇಗಮ್ಮ ಮಾಡಿದ್ರು?"

"ಅದನ್ನ ಮಾಡಿದವರನ್ನೇ ಕೇಳ್ಬೇಕು. ನಂಗೆ ಬೇಗ ಚುಚ್ಚೋದು ಮಾತ್ರ ಗೊತ್ತು. ಆಯ್ತು, ಏಳಿ."

ಆಗಿಹೋಗಿತ್ತು! ಆವತ್ತು ಅಂಗಡಿಯಲ್ಲಿ ಬೆರಳಿಗೆ ಚುಚ್ಚಿದಷ್ಟೂ ನೋಯಲಿಲ್ಲ.

ಮಾರ್ಚ್ 3

ಮೈ ಕಾದ ಹಂಚಾಗಿದೆ. ಚಳಿ. ಇದು ಸೂಜಿಯದೋ, ಆ ಕೆಮ್ಮಿದವನದೋ. ಅವನದೇ ಇರಬೇಕು. ನಾನು ತಟ್ಟೆ ಮುಟ್ಟಬಾರದು. ಹೊಟ್ಟೆ ಸರಿ ಇಲ್ಲ, ಮೇಲಿರುವ ಬ್ರೆಡ್ ತಿನ್ನಿ ಎಂದು ಕೂಗಿ ಬಂದೆ. ಕೂಗಿದ್ದು ಕೇಳಿಸಿತೋ ಇಲ್ಲವೋ. ಅಕ್ಷರ ಓಡುತ್ತಿವೆ.

ಮಾರ್ಚ್ 5

ಜ್ವರ ಇಳಿದಿದೆ. ನೆನಪಿರುವಷ್ಟು ಬರೆಯುತ್ತೇನೆ.

ಮೊನ್ನೆ ಮಧ್ಯಾಹ್ನ ಒಂದು ಸೀಟಿ ಕೇಳಿತು. ಉತ್ತರ ಕೊಡಲು ದನಿ ಏಳಲಿಲ್ಲ. ಫೋನ್ ಅಡುಗೆಮನೆಯಲ್ಲಿ ಬಡಿದುಕೊಳ್ಳುತ್ತಿತ್ತು. ಮತ್ತೆ ಸೀಟಿ. ಮತ್ತೆ ಫೋನ್. ಆಮೇಲೆ ಹೆಜ್ಜೆ ಸದ್ದು. ನಡು ಮೆಟ್ಟಿಲಿಗೆ ಬಂದು ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಇಳಿದು ಬಂತು, ಬಂತು, ನನ್ನ ಕೋಣೆಯ ಬಾಗಿಲು ತೆರೆಯಿತು.

ಇವರು ಬಂದು ನನ್ನ ಹಣೆಯ ಮೇಲೆ ಕೈಯಿಟ್ಟರು.

ಇಡೀ ವರ್ಷ ಆ ಕೈಗಾಗಿ ಕಾದು ಕಾದು ಕಣ್ಣು ಬೆಳ್ಳಗಾಗಿತ್ತು. ಅದು ಬಂದಾಗ ನಾನು ಏನು ಮಾಡಿದೆ? ಕಿರುಚಿದೆ. "ಮೇಲೆ ಹೋಗಿ! ನನಗೆ ಆ ರೋಗ ಬಂದಿದೆ, ಮುಟ್ಟಬೇಡಿ, ಸಾಯ್ತೀರಾ?" ಎಂದು ಕೈಯನ್ನು ಕೊಡವಿ ಎಸೆದೆ. ಒದ್ದೆನೆಂದೂ ಇವರು ಹೇಳುತ್ತಾರೆ, ನನಗೆ ನೆನಪಿಲ್ಲ.

ಇವರು ಹೋಗಲಿಲ್ಲ. ಹೊದಿಕೆ ಸರಿಸಿದಾಗ ತೋಳಿನ ಮೇಲೆ ಅಂಟಿದ್ದ ಹತ್ತಿ ಕಂಡಿತು. ಅದನ್ನೇ ನೋಡುತ್ತಾ ನಿಂತುಬಿಟ್ಟರು.

"ಟಿಕೆಟ್ ತಗೊಂಡಿದ್ದೀಯ. ಒಂದು ಮಾತು ಹೇಳಬಾರದಾ?"

"ಸೂಜಿ ಜ್ವರ ಅಲ್ಲ ಇದು, ಹಿಂದಿದ್ದವನು ಕೆಮ್ಮಿದ್ದ. ಹೋಗಿ ಅಂದ್ನಲ್ಲ!"

"ಅಭ್ಯಾಸ ಆಗಿದೆ ಅಂದಿದ್ದಕ್ಕೆ ಹೋದ್ಯಾ?"

ನಾನು ಗೋಡೆಯ ಕಡೆ ತಿರುಗಿಕೊಂಡೆ. "ಆ ಮಾತು ಸುಳ್ಳು ಕಣೇ" ಎಂದರು. ನೀರಿನ ಚೊಂಬನ್ನು ಹತ್ತಿರ ಇಟ್ಟು, ಕಿಟಕಿ ತೆರೆದು, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಜ್ವರ ಇಳಿಯುವವರೆಗೂ ಅಲ್ಲೇ ಕೂತಿದ್ದರು. ನಾನು ಬೈಯುತ್ತಲೇ ಇದ್ದೆ. ಬೈಯುತ್ತಲೇ ನಿದ್ದೆ ಹೋದೆ.

ಮಾರ್ಚ್ 7

ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ರೋಗವಿಲ್ಲ. ಬರೀ ಸೂಜಿಯ ಜ್ವರ. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಅತ್ತೆ. ಯಾರೋ ಹೆಂಗಸು ಬಂದು, "ಸಮಾಧಾನ ಮಾಡ್ಕೊಳ್ಳಿ, ಎಲ್ಲರ ಮನೇಲೂ ಇದೇ ಕಥೆ" ಎಂದಳು. ಸಂತೋಷಕ್ಕೆ ಅಳುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ.

ಇವರು ಮತ್ತೆ ಮೇಲೆ. ನಾನು ಮತ್ತೆ ಕೆಳಗೆ.

ಮಾರ್ಚ್ 27

ಇವರದ್ದು ಎರಡನೇ ಸೂಜಿಯೂ ಆಗಿ, ಹಿಡಿದಿದೆಯೋ ಎಂದು ರಕ್ತ ತೆಗೆದಿದ್ದರು. ಡಾಕ್ಟರಮ್ಮ ಫೋನಿನಲ್ಲಿ ನೇರವಾಗಿ ಹೇಳಿದರು, "ಏನೂ ಕಾಣ್ತಿಲ್ಲ. ಮುಂದೆ ಇನ್ನೊಂದು ಕೊಟ್ಟು ನೋಡ್ತೀವಿ. ಅಲ್ಲಿವರೆಗೆ ಸುತ್ತ ಇರೋರೇ ಇವರಿಗೆ ಗೋಡೆ."

ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದೆ. ತಮಾಷೆ ಬರಬಹುದು ಎಂದು ಕಾದೆ. ಬರಲಿಲ್ಲ. ಆಮೇಲೆ ಕೇಳಿದರು, "ಊರೆಲ್ಲ ಇಳಿದು ಹೋಗುತ್ತೆ, ನಾನೊಬ್ನೇ ಬಸ್ಸಲ್ಲಿ ಉಳಿದುಬಿಡ್ತೀನಾ?"

ಈ ಮಾತನ್ನು ನಾನು ಯಾರಿಗೆ ಹೇಳಲಿ.

ಏಪ್ರಿಲ್ 6

ಬ್ಯಾಂಕಿನವರು ಪ್ಯಾಂಟಿಗೆ ಬಂದಿದ್ದರು. ಮತ್ತೆ ಅದೇ, ನಾವೇನು ಇಲಿಗಳಾ. ನಾನು ಗುಂಡಿ ಹೊಲಿಯುತ್ತಲೇ, "ನನ್ನ ಮನೇಲಿ ಒಬ್ಬರಿದ್ದಾರೆ, ಅವರಿಗೆ ಅದು ಹಿಡಿಯಲಿಲ್ಲ. ನಿಮ್ಮ ತೋಳಲ್ಲಿದ್ರೆ ಅವರಿಗೂ ಅಷ್ಟು ಉಪಯೋಗ. ನಾನು ಹಾಕಿಸ್ಕೊಂಡೆ, ಒಂದು ದಿನ ಜ್ವರ ಬಂತು, ಗಂಡನ್ನ ಒದ್ದೆ, ಅಷ್ಟೇ" ಎಂದೆ. ಮಾಸ್ಟರು ಕತ್ತರಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಏಕೆಂದು ತಿಳಿಯಲಿಲ್ಲ. ದಾರ ಎಲ್ಲಾದರೂ ತಪ್ಪಾಗಿ ಹಾಕಿದೆನೋ ಎಂದು ಎರಡು ಸಲ ಬಿಚ್ಚಿ ನೋಡಿದೆ.

ಸಂಜೆ ಅತ್ತಿಗೆ ಫೋನ್. ತಮ್ಮನನ್ನು ನೋಡಲು ಬರುತ್ತಾರಂತೆ, ಸೂಜಿ ಮಾತ್ರ ಹಾಕಿಸಿಕೊಳ್ಳುವುದಿಲ್ಲವಂತೆ.

"ಹಾಗಾದ್ರೆ ಬರಬೇಡಿ ಅತ್ತಿಗೆ."

"ಏನಂದೆ? ನನ್ನ ಕಿಡ್ನಿ ನೋಡೋಕೆ ನಾನೇ ಸೂಜಿ ಹಾಕಿಸ್ಕೋಬೇಕಾ?"

"ಹೌದು. ಕೊಟ್ಟಿದ್ದನ್ನ ಕಾಪಾಡ್ಕೋಬೇಕಲ್ಲ."

ಫೋನ್ ಇಟ್ಟುಬಿಟ್ಟರು. ಅಡುಗೆಗೆ ಉಪ್ಪು ಹಾಕಲು ಮರೆತೆ. ಇವರಿಗೆ ಹೇಗೂ ಉಪ್ಪು ಕಡಿಮೆ, ಪರವಾಗಿಲ್ಲ.

ಏಪ್ರಿಲ್ 8

ಅತ್ತಿಗೆ ಮತ್ತೆ ಫೋನ್ ಮಾಡಿದರು. "ಎಡಗೈಗೆ ಹಾಕ್ತಾರೋ, ಬಲಗೈಗೋ?" ಅಷ್ಟೇ ಕೇಳಿದ್ದು.

ಏಪ್ರಿಲ್ 25

ನನ್ನ ಎರಡನೇ ಸೂಜಿಯೂ ಆಗಿ ಡಾಕ್ಟರಮ್ಮ ಹೇಳಿದಷ್ಟು ದಿನ ಕಳೆಯಿತು. ಅಂಗಡಿಯಲ್ಲಿ ಮಾಸ್ಟರು, ಇಸ್ತ್ರಿಯವಳು, ಎಲ್ಲರದ್ದೂ ಆಗಿದೆ. ನಾನು ಹೊರಗೆ ಮುಖ ಮುಚ್ಚಿಕೊಂಡೇ ಇರಬೇಕು, ಕಿಟಕಿ ತೆರೆದಿರಬೇಕು, ಸ್ವಲ್ಪ ಕೆಮ್ಮು ಬಂದರೂ ಕೆಳಗಿಳಿಯಬೇಕು. ಇದೆಲ್ಲಕ್ಕೂ ಹೂಂ ಎಂದೆ. ಅಪಾಯ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ ಎಂದರು. ಅದಕ್ಕೂ ಹೂಂ ಎಂದೆ.

ಬೆಳಿಗ್ಗೆ ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹತ್ತಿದೆ. ಇವರು ಬಾಗಿಲಲ್ಲಿ ನಿಂತಿದ್ದರು. ಹೆಣ್ಣು ನೋಡಲು ಬಂದವರ ಹಾಗೆ, ಇವರು ನನ್ನ ಕಾಲು ನೋಡಿದರು, ನಾನು ಕಿಟಕಿ ನೋಡಿದೆ. "ಕೋಣೆ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದೆ. ನನ್ನದೇ ಮನೆಯ ಕೋಣೆ. "ಕೂತ್ಕೊಳ್ಳಿ" ಎಂದರು ಇವರು, ನನಗೆ ಬಹುವಚನ!

ಒಟ್ಟಿಗೆ ಊಟಕ್ಕೆ ಕೂತೆವು. ಇವರು ತಿನ್ನುವುದನ್ನು ನೋಡುತ್ತಾ ಕೂತೆ. ಎಲ್ಲವನ್ನೂ ಎಡಗಡೆಯೇ ಅಗಿಯುತ್ತಿದ್ದಾರೆ.

"ಯಾಕ್ರೀ ಒಂದೇ ಕಡೆ?"

"ಬಲಗಡೆ ದವಡೆ ಹಲ್ಲು ಬಿತ್ತಲ್ಲ."

"ಯಾವಾಗ?"

"ಆಗಲೇ, ಚಳಿ ಶುರುವಾದಾಗ. ನಾಲ್ಕೈದು ದಿನ ಬಾಯಿ ಊದಿತ್ತು. ಉಪ್ಪುನೀರು ಮುಕ್ಕಳಿಸಿದೆ, ಹೋಯ್ತು."

"ನನಗೆ ಹೇಳಲಿಲ್ಲ!"

"ಹೇಳಿದ್ರೆ ನೀನು ಚಿಂತೆ ಮಾಡ್ತಿದ್ದೆ."

"ನಾನೇನು ಅಷ್ಟೊಂದು ಚಿಂತೆ ಮಾಡೋಳಾ?"

ಇವರು ನಕ್ಕರು, ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು. ಬೆನ್ನು ತಟ್ಟಿದೆ, ನೀರು ಕುಡಿಸಿದೆ. ಆಮೇಲೆ ಕೈ ತೊಳೆದು ಬಂದು, ಇವರ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಬಾಯಿ ತೆರೆಸಿದೆ. ಹಲ್ಲಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಯಾವತ್ತೋ ಮಾಗಿದೆ. ವಸಡು ನುಣ್ಣಗೆ, ಮೆತ್ತಗೆ ಆಗಿದೆ. ಅದು ನೋಯುತ್ತಿದ್ದಾಗ ನಾನು ಇದೇ ಮನೆಯಲ್ಲಿದ್ದೆ.